ಸ್ಮಾರ್ಟ್ ಬೋರ್ಡಿನ ಸುಣ್ಣದ ಗೆರೆ

"ಏ ಚಂದವ್ವಾ! ಗೆರಿ ಕಾಣವಲ್ದೇನ ನಿನಗ? ಕಣ್ಣಾಗ ಏನ್ ಸಗಣಿ ತುಂಬೈತೇನ? ನಿನ್ನ ನೆರಳು ಬಿದ್ರ ಬೋರ್ಡಿನ ಗ್ಯಾರಂಟಿ ಹೋಗ್ತೈತಿ, ಹಿಂದ ಸರೀ ರಂಡಿ!"

ಶಾಲಾ ಸಮಿತಿಯ ಅಧ್ಯಕ್ಷ ಅಂದಪ್ಪಗೌಡರು ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ಚಂದವ್ವ ಕಸಬರಿಗೆ ಹಿಡಿದು ಬಗ್ಗಿದ್ದಳು. ಅವಳ ಎಡಗಾಲಿನ ಹೆಬ್ಬೆರಳು ನೆಲದ ಮೇಲಿನ ಸುಣ್ಣದ ಗೆರೆಯಿಂದ ಒಂದು ಬೆರಳಿನಷ್ಟು ಆಚೆ ಹೋಗಿತ್ತು. ಕಾಲು ಹಿಂದಕ್ಕೆ ತೆಗೆದುಕೊಂಡಳು. ನೆರಳೇನೋ ಬೋರ್ಡಿನ ಕಡೆ ಬಿದ್ದಿರಲಿಲ್ಲ. ಕಿಟಕಿಯ ಬಿಸಿಲಿಗೆ ಅದು ಹಿಂದಕ್ಕೆ ಉದ್ದವಾಗಿ ಚಾಚಿ ಗೌಡರ ಚಪ್ಪಲಿಯ ಮೇಲೆಯೇ ಬಿದ್ದಿತ್ತು. ಅದನ್ನು ಹೇಳಿದ್ದರೆ ಪಾಪ, ಗೌಡರು ಇನ್ನೊಮ್ಮೆ ಸ್ನಾನ ಮಾಡಬೇಕಾಗುತ್ತಿತ್ತು. ಊರಲ್ಲಿ ನಳಕ್ಕೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಚಂದವ್ವ ಮತ್ತೆ ಕಸ ಗುಡಿಸತೊಡಗಿದಳು.

"ಇವತ್ತ ಬಾಗಲಕೋಟಿಯಿಂದ ಮೇಡಂ ಬರ್ತಾರ. ಬೋರ್ಡಿಗಿ ಏನಾರ ಆತಂದ್ರ ನಿನ್ನ ಕೆಲಸಾನೂ ಇಲ್ಲ, ನಿನ್ನ ಮಗಳ ಸಾಲೀನೂ ಇಲ್ಲ. ತಿಳೀತೇನ?"

"ತಿಳೀತ್ರಿ ಗೌಡ್ರ."

ಶಾಲೆ ಇರುವುದು ಕುಳಗೇರಿ ಕ್ರಾಸಿನಿಂದ ಆರು ಕಿಲೋಮೀಟರ್ ಒಳಗೆ. ಐದು ತಿಂಗಳ ಹಿಂದೆ ಅಲ್ಲಿಗೆ ಬಾಗಿಲಷ್ಟು ದೊಡ್ಡ ಸ್ಮಾರ್ಟ್ ಬೋರ್ಡು, ಜೊತೆಗೆ ಇಪ್ಪತ್ತು ಟ್ಯಾಬು ಬಂದಿದ್ದವು. ಇವನ್ನು ಪಾಠದೊಳಗೆ ಹೇಗೆ ತರಬೇಕೆಂದು ಯೋಜನೆ ಹಾಕಲು ತಂತ್ರಜ್ಞಾನ ಸಮಿತಿ ಮಾಡಿರಿ ಎಂದು ಮೇಲಿನಿಂದ ಕಾಗದವೂ ಬಂತು. ಮಾಡಿದರು. ಗೌಡರು ಅಧ್ಯಕ್ಷರು, ಅವರ ಹೆಂಡತಿ ಗುರುಸಿದ್ದವ್ವ ಉಪಾಧ್ಯಕ್ಷೆ, ಹೆಡ್ಮಾಸ್ತರ ವಿಜಯಮಹಾಂತೇಶ ಕಾರ್ಯದರ್ಶಿ, ಗುಡಿಯ ಅಯ್ಯನವರು ಸಲಹೆಗಾರರು. ಮೂರು ಸಭೆಗಳಾದವು. ಬೋರ್ಡು ಪೂರ್ವದ ಗೋಡೆಗೇ ಇರಬೇಕು ಎಂದು ಮೊದಲ ಸಭೆಯಲ್ಲಿ ಅಯ್ಯನವರು ಹೇಳಿದರು. ಪಕ್ಕದ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆದು ಯಾರಿಗೂ ಏನೂ ಕಾಣದಾದಾಗ ಗುರುಸಿದ್ದವ್ವನ ಹಳೆಯ ಇಳಕಲ್ ಸೀರೆಯನ್ನು ಪರದೆ ಮಾಡಿದರು. ಎರಡನೆಯ ಸಭೆಯಲ್ಲಿ ಗೋಡೆಯ ಕಲ್ಲಿನಲ್ಲಿ ಯಾರ ಹೆಸರು ಕೆತ್ತಿಸಬೇಕು ಎಂಬುದು ತೀರ್ಮಾನವಾಯಿತು. ಗೌಡರದು. ಮೂರನೆಯದರಲ್ಲಿ ಬೋರ್ಡನ್ನು ಯಾರು ಮುಟ್ಟಬೇಕು ಎಂಬ ಪ್ರಶ್ನೆ ಬಂತು. ಊರೊಳಗಿನ ಮಕ್ಕಳು ಮುಟ್ಟಬಹುದು, ಕೇರಿಯ ಮಕ್ಕಳು ನೋಡಬಹುದು ಎಂದಾಯಿತು. ಇದನ್ನು ಠರಾವಿನಲ್ಲಿ ಬರೆಯಲಿಲ್ಲ, ಬರೆಯುವುದು ಕಾನೂನಿಗೆ ವಿರುದ್ಧ. ಅದಕ್ಕೇ ಸುಣ್ಣದಲ್ಲಿ ಗೆರೆ ಎಳೆದರು. ಯಾರಾದರೂ ಕೇಳಿದರೆ ಅಲ್ಲಿ ಕರೆಂಟಿನ ವೈರ್ ಇದೆ ಎನ್ನಬೇಕು. ಮಕ್ಕಳು ಏನು ಕಲಿಯಬೇಕು ಎಂಬುದು ನಾಲ್ಕನೆಯ ಸಭೆಗೆ ಉಳಿಯಿತು. ನಾಲ್ಕನೆಯ ಸಭೆ ಇನ್ನೂ ಆಗಿಲ್ಲ.

ಟ್ಯಾಬುಗಳು ಸುರಕ್ಷತೆಗಾಗಿ ಗೌಡರ ಮನೆಗೆ ಹೋದವು. ಅವುಗಳಲ್ಲಿ ಒಂದು ಗುರುಸಿದ್ದವ್ವನ ಮೊಸರ ಗಡಿಗೆಯ ಮೇಲೆ ಹದವಾಗಿ ಕೂತಿತ್ತು.

ಗೆರೆ ಎಳೆದವರು ಒಂದನ್ನು ಮರೆತಿದ್ದರು. ಧೂಳು ಗೆರೆ ನೋಡಿ ನಿಲ್ಲುವುದಿಲ್ಲ. ವಾರದೊಳಗೆ ಬೋರ್ಡಿನ ಮೇಲೆ ಹೆಸರು ಬರೆಯುವಷ್ಟು ಧೂಳು ಕೂತಿತು. ಗೌಡರು ಕಸಬರಿಗೆ ಹಿಡಿಯುವವರಲ್ಲ, ಮಾಸ್ತರರಿಗೆ ಸೊಂಟನೋವು. ಹಾಗಾಗಿ ದಿನವೂ ಮುಂಜಾನೆ ಏಳಕ್ಕೆ ಮಾಸ್ತರರೇ ಬಾಗಿಲು ತೆಗೆದು, ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದರು.

"ಚಂದವ್ವಾ, ಯಾರೂ ಇಲ್ಲ. ಲಗೂನ ಒರಸಿ ಬಿಡು. ಹತ್ತರ ಮ್ಯಾಲ ಮಾತ್ರ ಮುಟ್ಟಬ್ಯಾಡವಾ, ದೋಷ ಆಕ್ಕೈತಿ."

"ಏಳಕ್ಕ ದೋಷ ಇಲ್ಲೇನ್ರಿ ಸರ?"

"ಏಳಕ್ಕ ಇನ್ನೂ ಹಾಜರಿ ಆಗಿರಂಗಿಲ್ಲಲಾ."

ಚಂದವ್ವ ಒರೆಸುತ್ತಿದ್ದಳು. ಒರೆಸಿ ಒರೆಸಿ ಆ ಬೋರ್ಡಿನ ಗುಣ ಅವಳಿಗೆ ತನ್ನ ಎಮ್ಮೆಯ ಗುಣದಷ್ಟೇ ಗೊತ್ತಾಗಿಬಿಟ್ಟಿತು. ಒಂದು ಮುಂಜಾನೆ ಅದು ತಾನೇ ತಾನಾಗಿ ಗೀಚತೊಡಗಿದಾಗ ಮಾಸ್ತರರು ಕೈ ಮುಗಿದು ನಿಂತರು. ಚಂದವ್ವ ನೋಡಿದರೆ ಚೌಕಟ್ಟಿನ ಅಂಚಿನಲ್ಲಿ ಹಲ್ಲಿ. ಓಡಿಸಿದಳು, ಬೋರ್ಡು ತೆಪ್ಪಗಾಯಿತು. ಇನ್ನೊಮ್ಮೆ ಅಲ್ಲಿ ಜೋಳದ ಒಣ ಎಲೆ, ರವದಿ, ಸಿಕ್ಕಿಕೊಂಡಿತ್ತು, ಅದೇ ಹುಚ್ಚು. ಏಳನೆಯ ತರಗತಿಯ ಮಗಳು ಭಾಗ್ಯಜ್ಯೋತಿ ಬೋರ್ಡಿನ ಜೊತೆ ಬಂದ ಪುಸ್ತಕ ಓದಿ ಹೇಳಿದಳು: ಚೌಕಟ್ಟಿನೊಳಗೆ ಕಣ್ಣಿಗೆ ಕಾಣದ ಬೆಳಕಿನ ಸಾಲುಗಳಿವೆ, ನಡುವೆ ಏನು ಬಂದರೂ ಅದು ಬೆರಳು ಎಂದೇ ತಿಳಿಯುತ್ತದೆ. ಹಲ್ಲಿಯ ಬಾಲವೋ, ಗೌಡರ ಬೆರಳೋ, ಅದಕ್ಕೆ ಎರಡೂ ಒಂದೇ.

ಅವ್ವನಿಗೆ ಕೈಜೋಡಿಸಲು ಬರುತ್ತಿದ್ದ ಈ ಹುಡುಗಿ ಐದು ತಿಂಗಳಲ್ಲಿ ಬೋರ್ಡಿನ ಮೂಲೆ ಮೂಲೆ ಕಲಿತಿದ್ದಳು. ಹತ್ತು ಗಂಟೆಗೆ ಅದೇ ಹುಡುಗಿ ಗೆರೆಯ ಹಿಂದೆ, ಕೊನೆಯ ಸಾಲಿನಲ್ಲಿ ಕೈ ಕಟ್ಟಿ ಕೂರಬೇಕು.

"ಅವ್ವಾ, ಒಂದ ಸಲ. ಎಲ್ಲಾರ ಮುಂದ. ಒಂದ ಸಲ ಸಾಕು."

"ತಡಿ" ಎನ್ನುತ್ತಿದ್ದಳು ಚಂದವ್ವ. ಹಾಗೆನ್ನುವಾಗಲೆಲ್ಲ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಹನ್ನೊಂದಕ್ಕೆ ಜೀಪು ಬಂತು. ಶಿಕ್ಷಣ ಇಲಾಖೆಯ ಶೀಲಾ ಮೇಡಂ ಇಳಿದರು, ಕೈಯಲ್ಲಿ ಮೊಬೈಲು, ಮುಖದಲ್ಲಿ ಅವಸರ. ಮೂರು ಗಂಟೆಯೊಳಗೆ ಫೋಟೋ ಮೇಲೆ ಕಳಿಸಬೇಕಂತೆ. ಕಳಿಸಿದರೆ ಶಾಲೆ ಮಾದರಿ ಶಾಲೆ, ಇಲ್ಲದಿದ್ದರೆ ಬೋರ್ಡು ಬೇರೆ ಊರಿಗೆ.

ಅಧಿಕಾರಿ ನೋಡುವ ಮೊದಲು ಪೂಜೆಯಾಗಬೇಡವೇ? ಅಯ್ಯನವರು ಬೋರ್ಡಿಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಮೇಲೆ ಒಂದು ಲಿಂಬೆಹಣ್ಣು ಕೂರಿಸಿದರು. ಕೊನೆಗೆ ಮೊಳಕೈ ದಪ್ಪದ ಚೆಂಡುಹೂವಿನ ಹಾರವನ್ನು ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಇಳಿಬಿಟ್ಟರು. ಬಾಗಿಲಾಚೆ ನಿಂತಿದ್ದ ಚಂದವ್ವ ಹೊಸ್ತಿಲ ತನಕ ಬಂದಳು.

"ಸರ, ಹಾರ..."

"ಬಾಯಿ ಮುಚ್ಚ!" ಎಂದರು ಗೌಡರು.

ಕಾಯಿ ಒಡೆಯಿತು. ಮಾಸ್ತರರು ಬಟನ್ ಒತ್ತಿದರು. ಪಾಠ ಮಾಡಿ ತೋರಿಸಲು ರೇಷ್ಮೆ ಲಂಗ ತೊಟ್ಟು ಬಂದಿದ್ದ ಗೌಡರ ಮೊಮ್ಮಗಳು ಐಶ್ವರ್ಯ ಬೆರಳು ಮುಂದೆ ಮಾಡಿದಳು. ಬೋರ್ಡು ಅವಳಿಗಾಗಿ ಕಾಯಲಿಲ್ಲ. ಫಟ್ ಫಟ್ ಎಂದು ತಾನೇ ಒಂದೊಂದನ್ನು ತೆರೆಯತೊಡಗಿತು. ಮೊದಲು ಬಂದದ್ದು ಮಾಸ್ತರರು ಬರೆದ ಐದು ವರ್ಷದ ತಂತ್ರಜ್ಞಾನ ಯೋಜನೆ. ಶೀಲಾ ಮೇಡಂ ಗಟ್ಟಿಯಾಗಿ ಓದಿದರು.

"ಸಮುದ್ರದ ಉಪ್ಪುಗಾಳಿಯಿಂದ ಉಪಕರಣಗಳ ರಕ್ಷಣೆ... ಭರತದ ನೀರು ತರಗತಿಗೆ ನುಗ್ಗಿದಾಗ... ಇಲ್ಲಿ ಸಮುದ್ರ ಎಲ್ಲೈತ್ರಿ ಸರ?"

ಕರಾವಳಿಯ ಯಾವುದೋ ಶಾಲೆಯದನ್ನು ಹೆಸರು ಬದಲಿಸಿ ಇಳಿಸಿದ್ದ ಮಾಸ್ತರರು ಬೆವರಿದರು. "ಮುಂದಾಲೋಚನಿ ಮೇಡಂ."

ಅಷ್ಟರಲ್ಲಿ ಬೋರ್ಡು ಇನ್ನೊಂದನ್ನು ತೆರೆಯಿತು. ಅದು ಮಾಸ್ತರರು ಬಿಡುವಿನಲ್ಲಿ ನೋಡುತ್ತಿದ್ದ ವಿಡಿಯೋ, ಹೊಟ್ಟೆಯ ಬೊಜ್ಜು ಕರಗಿಸುವ ಏಳು ಕಷಾಯ. ದನಿ ಕೋಣೆ ತುಂಬಿತು.

"ದೇವರು ಬಂದಾನ!" ಎಂದು ಅಯ್ಯನವರು ಗಂಟೆ ಅಲ್ಲಾಡಿಸಿದರು. ಗೌಡರು ದಡಬಡಿಸಿ ಉದ್ದಕ್ಕೆ ಅಡ್ಡಬಿದ್ದರು.

"ಜೀರಿಗೆ ನೀರನ್ನು ಬರಿಹೊಟ್ಟೆಯಲ್ಲಿ ಕುಡಿಯಿರಿ" ಎಂದಿತು ಬೋರ್ಡು.

"ಅಪ್ಪಣಿ ಆತು!" ಎಂದರು ಅಯ್ಯನವರು.

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಐಶ್ವರ್ಯ ಅತ್ತಳು. ಶೀಲಾ ಮೇಡಂ ಗಡಿಯಾರ ನೋಡಿ, "ಇದು ಕೆಟ್ಟೈತಿ, ವಾಪಸ್ ಕಳಸ್ತೇವಿ" ಎಂದದ್ದೇ ತಡ, ಗೌಡರು ಎದ್ದು ಬಾಗಿಲ ಕಡೆ ತಿರುಗಿದರು. ಹಣೆಗೆ ನೆಲದ ಸುಣ್ಣ ಮೆತ್ತಿತ್ತು.

"ಎಲ್ಲಾ ಈ ಬೋಸುಡಿ ಕೆಲಸ! ಮುಂಜಾನಿ ಗೆರಿ ದಾಟಿದ್ಲು, ನಾನ ಕಣ್ಣಾರೆ ಕಂಡೇನಿ. ಮಾಸ್ತರ, ಇವಳ ಮಗಳ ಟಿಸಿ ಬರದು ಕೈಯಾಗ ಕೊಡ್ರಿ. ಇಬ್ರೂ ಹೊರಬೀಳ್ರಿ!"

ದಿನವೂ ಚಂದವ್ವನಿಂದಲೇ ಬೋರ್ಡು ಒರೆಸಿಸುತ್ತಿದ್ದ ಮಾಸ್ತರರು ಮೇಜಿನ ಖಾನೆಯಲ್ಲಿ ಟಿಸಿ ಪುಸ್ತಕ ಹುಡುಕತೊಡಗಿದರು. ಕೊನೆಯ ಸಾಲಿನಲ್ಲಿ ಭಾಗ್ಯಜ್ಯೋತಿ ತಲೆ ಮೊಣಕಾಲ ನಡುವೆ ಹುದುಗಿಸಿದ್ದಳು. ಅದನ್ನು ನೋಡಿದ ಚಂದವ್ವ ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿದಳು. ನೆಟ್ಟಗೆ ನಡೆದಳು. ಗೆರೆ ದಾಟಿದಳು. ಹಾರ ಕಿತ್ತು ಅಯ್ಯನವರ ಕೈಗಿಟ್ಟಳು, ಲಿಂಬೆಹಣ್ಣನ್ನು ಗೌಡರ ಕೈಗೆ. ಸೆರಗಿನಿಂದ ಚೌಕಟ್ಟನ್ನು ಸುತ್ತ ಒರೆಸಿದಳು. ಬೋರ್ಡು ಸುಮ್ಮನಾಯಿತು.

"ಭಾಗ್ಯಾ, ಬಾರವಾ. ಎಲ್ಲಾರ ಮುಂದ."

ಹುಡುಗಿ ಬಂದಳು. ಆಕಾಶದಿಂದ ತೆಗೆದ ನಕ್ಷೆ ತೆರೆದಳು. ಮಲಪ್ರಭೆಯನ್ನು ಬೆರಳಲ್ಲಿ ಹಿಡಿದು, ಬಾದಾಮಿ ತೋರಿಸಿ, ಕೆರೂರು ದಾಟಿ ತಮ್ಮ ಊರಿಗೆ ಬಂದಳು. ಒಂದು ತಗಡಿನ ಮಾಡಿನ ಮೇಲೆ ಬೆರಳಿಟ್ಟು, "ಇದು ನಮ್ಮನಿ" ಎಂದಳು.

"ನಮ್ಮನಿ ಎಲ್ಲೈತಿ ತೋರಸ?" ಎಂದುಬಿಟ್ಟರು ಗೌಡರು, ಮೈಮರೆತು.

"ಇಲ್ಲೈತ್ರಿ. ಟ್ಯಾಬ್ ಎಲ್ಲಾ ಇದರಾಗ ಅದಾವು. ಒಂದು ಮಸರ ಗಡಿಗಿ ಮ್ಯಾಲೈತಂತ ಐಶ್ವರ್ಯ ಹೇಳಿದ್ಲು."

ಶೀಲಾ ಮೇಡಂ ಗೌಡರ ಮುಖ ನೋಡಿದರು, ನೆಲದ ಗೆರೆಯನ್ನೂ ನೋಡಿದರು. ಬರೆದುಕೊಳ್ಳಲು ಪೆನ್ನು ತೆಗೆದರು. ಅಷ್ಟರಲ್ಲಿ ಗೌಡರ ಮನೆಯಿಂದ ಹೋಳಿಗೆ ಆರುತ್ತಿದೆ ಎಂದು ಕರೆ ಬಂತು. ಪೆನ್ನು ಒಳಗೆ ಹೋಯಿತು.

"ಈ ಹುಡುಗೀದ ಫೋಟೋನ ಹಾಕೋಣು, ಚಲೋ ಕಾಣತೈತಿ. ಊಟ ಮಾಡಿ ಬಂದು ತಗೀತೇನಿ" ಎಂದು ಅವರು ಹೊರಟರು.

ಅವರು ಹೋಳಿಗೆ ಉಣ್ಣುತ್ತಿದ್ದಾಗ ಅಯ್ಯನವರು ಗೌಡರ ಅಪ್ಪಣೆಯಂತೆ ಬೋರ್ಡನ್ನು ಶುದ್ಧ ಮಾಡಿದರು. ಒಂದು ಚೊಂಬು ಗೋಮೂತ್ರ ಪೂರ್ತಿ ಚೌಕಟ್ಟಿನ ಮೇಲೆ ಇಳಿಯಿತು. ಎರಡೂವರೆಗೆ ಮೇಡಂ ತೇಗುತ್ತ ಬಂದಾಗ ಬೋರ್ಡು ಮತ್ತೆ ಜೀರಿಗೆ ನೀರಿನ ಮಹಿಮೆ ಹೇಳುತ್ತಿತ್ತು. ಗೌಡರು ಪಂಚೆಯಿಂದ ಒರೆಸಿದರು, ಮಾಸ್ತರರು ಟಾವೆಲ್ಲಿನಿಂದ ಒರೆಸಿದರು. ಎಲ್ಲಿ ಒರೆಸಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಆ ಹೆಣ್ಮಗಳನ್ನ ಕರೀರಿ, ಮೂರಾಗಾಕ ಬಂತು!" ಎಂದರು ಮೇಡಂ.

ಚಂದವ್ವ ಪಡಸಾಲೆಯ ತುದಿಯಲ್ಲಿ ಮಗಳೊಂದಿಗೆ ಕೂತಿದ್ದಳು. ಪಕ್ಕದಲ್ಲಿ ಸುಣ್ಣದ ಬಕೀಟು, ಕಸಬರಿಗೆ. ಅವರಿಬ್ಬರ ಮುಂದೆ ನೆಲದ ಮೇಲೆ ಒಂದು ಗೆರೆ, ಇನ್ನೂ ಹಸಿ.

ಮಾಸ್ತರರು ದನಿ ತಗ್ಗಿಸಿದರು. "ಚಂದವ್ವಾ, ಬಾರವಾ. ಲಗೂನ ಒಂದೀಟ ಒರಸಿ ಬಿಡು."

"ಈಗ ಹಾಜರಿ ಆಗೈತ್ರಿ ಸರ."

"ಏ, ಸೊಕ್ಕೇನ ನಿಂದು? ಏಳ ಮ್ಯಾಲ!" ಎಂದು ಗೌಡರು ಮುನ್ನುಗ್ಗಿದರು.

"ಗೆರಿ ಐತ್ರಿ ಗೌಡ್ರ" ಎಂದಳು ಚಂದವ್ವ, ಕೂತಲ್ಲಿಂದಲೇ. "ಕಣ್ಣಾಗ ಏನ್ ಸಗಣಿ ತುಂಬೈತೇನ್ರಿ?"

ಗೌಡರ ಕಾಲು ತಾನಾಗಿಯೇ ನಿಂತಿತು. ನಿಂತದ್ದು ಅವರಿಗೇ ಆಶ್ಚರ್ಯವಾದಂತೆ ಕಂಡಿತು. ಕಿಟಕಿಯ ಇಳಕಲ್ ಸೀರೆ ಸರಿಸಿ ಮಕ್ಕಳೆಲ್ಲ ಇಣುಕುತ್ತಿದ್ದರು.

"ನಾ ಬರ್ತೇನಿ. ನನ್ನ ಮಗಳೂ ಬರ್ತಾಳ. ಮೊದಲ ಒಳಗಿನ ಗೆರಿ ಅಳಸ್ರಿ. ಮಾಸ್ತರ ಅಲ್ಲ, ನೀವ. ಎಲ್ಲಾರ ಮುಂದ."

ಚಂದವ್ವ ಕಸಬರಿಗೆಯನ್ನು ಕಾಲಿನಿಂದ ಮೆಲ್ಲಗೆ ನೂಕಿದಳು. ಅದು ಹಸಿ ಸುಣ್ಣ ದಾಟಿ ಗೌಡರ ಚಪ್ಪಲಿಗೆ ತಾಗಿ ನಿಂತಿತು. ಶೀಲಾ ಮೇಡಂ ಗಡಿಯಾರ ನೋಡಿದರು. ಎರಡು ಐವತ್ತೈದು. ಗೌಡರು ಕಸಬರಿಗೆಯನ್ನೇ ನೋಡುತ್ತ ನಿಂತರು, ಒಳಗಿನಿಂದ ಬೋರ್ಡು ಎರಡನೆಯ ಕಷಾಯ ಹೇಳತೊಡಗಿತು.