ಮಗಳು ನಕ್ಕಾಗ ನಗುವವನು

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಮಗಳು ಸೋಫಾದಲ್ಲಿ ಕಾಲು ಚಾಚಿಕೊಂಡು ನಗೆ ಸಿನಿಮಾ ನೋಡುವುದು ಆ ಮನೆಯ ರೂಢಿ. ಹದಿನೈದರ ಮಗಳು ವಾರವಿಡೀ ಅಪ್ಪನಿಗೆ ‘ಹೂಂ’, ‘ಉಹೂಂ’ ಬಿಟ್ಟು ಮೂರನೇ ಮಾತನ್ನು ದಯಪಾಲಿಸುತ್ತಿರಲಿಲ್ಲ. ಪಕ್ಕದಲ್ಲಿ ಬಂದು ಕೂರುತ್ತಿದ್ದದ್ದು ಆ ಎರಡು ಗಂಟೆ ಮಾತ್ರ. ಅದಕ್ಕಾಗಿ ಅಪ್ಪ ಏನು ಮಾಡಲೂ ತಯಾರಿದ್ದ, ಸುಳ್ಳು ಸುಳ್ಳೇ ನಗುವುದಕ್ಕೂ.

ಅವನದು ಟಿಂಕರ್ ಕೆಲಸ. ನೆಗ್ಗಿದ ಕಾರಿನ ಬಾಗಿಲುಗಳನ್ನು ಇಪ್ಪತ್ತೈದು ವರ್ಷ ಬಡಿದು ಬಡಿದು ನೇರ ಮಾಡುವಷ್ಟರಲ್ಲಿ ಕಿವಿಗಳು ಕೈಕೊಟ್ಟಿದ್ದವು. ಗ್ಯಾರೇಜಿನಲ್ಲಿ ಎದುರಿಗಿದ್ದವರ ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದ. ಸಿನಿಮಾದವರು ಬೆನ್ನು ತಿರುಗಿಸಿ ಮಾತಾಡಿದರೆ ಏನು ಮಾಡಬೇಕು? ಮಗಳು ನಕ್ಕಾಗ ತಾನೂ ನಗಬೇಕು. ವಿಷಯ ಗೊತ್ತಾದರೆ ಅವಳು ಬೇಜಾರಾಗಿ ಫೋನ್ ಹಿಡಿದು ಕೋಣೆ ಸೇರಿಬಿಡುತ್ತಾಳೆ ಎಂಬ ಭಯ ಅವನಿಗೆ.

ಮಗಳೇನು ದಡ್ಡಿಯೇ? ಅಪ್ಪನ ನಗು ಯಾವಾಗಲೂ ತನ್ನ ನಗುವಿನ ಹಿಂದೆಯೇ ಬರುವುದನ್ನು ಗಮನಿಸಿದ್ದಳು. ಒಂದು ಭಾನುವಾರ, ಅಲ್ಲಿಯವರೆಗೂ ತೊದಲಿ ತೊದಲಿ ನಗಿಸುತ್ತಿದ್ದ ಸಿನಿಮಾದ ಡಾಕ್ಟರ ಬೆನ್ನು ಹಾಕಿ ಏನೋ ಹೇಳಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ತೊಡೆ ತಟ್ಟಿಕೊಂಡು ನಕ್ಕ.

ಅವಳು ಸಿನಿಮಾ ನಿಲ್ಲಿಸಿ ಅವನ ಕಡೆ ತಿರುಗಿದಳು. “ಅಪ್ಪಾ, ಅಜ್ಜಿ ತೀರ್‍ಕೊಂಡ್ರು ಅಂತ ಹೇಳಿದ್ದು ಅವ್ನು. ನಾನು ಬೇಕಂತ್ಲೇ ನಕ್ಕೆ.”

ಅಪ್ಪ ಇಂಗು ತಿಂದ ಮಂಗನಂತಾದ.

“ಯಾವಾಗಿಂದ ಕೇಳಿಸ್ತಿಲ್ಲ?”

“ಎರಡು ವರ್ಷ ಆಯ್ತೇನೋ.”

“ಎರಡು ವರ್ಷ ಸುಮ್‌ಸುಮ್ನೆ ನಕ್ಯಾ?”

“ನೀನು ನಗೋದು ಕಾಣಿಸ್ತಿತ್ತಲ್ಲ ಮಗಳೇ. ಸುಮ್‌ಸುಮ್ನೆ ಏನಲ್ಲ.”

ಮಗಳು ಎದ್ದಳು. ಮುಗಿಯಿತು, ಇನ್ನು ಕೋಣೆಗೇ ಹೋಗುತ್ತಾಳೆ ಅಂದುಕೊಂಡ ಅಪ್ಪ. ಅವಳು ಹೋದದ್ದು ಅಡುಗೆಮನೆಗೆ. ಸ್ಟೂಲ್ ಎತ್ತಿ ತಂದು ಟಿ.ವಿ. ಪಕ್ಕ ಹಾಕಿ, ಅಪ್ಪನಿಗೆ ಮುಖ ಮಾಡಿ ಕುಳಿತು ಸಿನಿಮಾ ಮುಂದುವರಿಸಿದಳು. ಅವಳು ಫೋನಿನಲ್ಲಿ ಆರು ಸಲ ನೋಡಿದ್ದ ಸಿನಿಮಾ, ಎಲ್ಲ ಬಾಯಿಪಾಠ. ಒಂದೊಂದು ಮಾತನ್ನೂ ತುಟಿ ಅಗಲಿಸಿ ಅಭಿನಯಿಸಿದಳು. ಡಾಕ್ಟರನ ತೊದಲಿಗೆ ಗಲ್ಲ ನಡುಗಿಸಿದಳು, ಮನೆ ಮಾಲೀಕನಿಗೆ ಕೆನ್ನೆ ಉಬ್ಬಿಸಿದಳು, ಗಂಡ ಹೆಂಡಿರ ಜಗಳವನ್ನು ಕತ್ತು ಆ ಕಡೆ ಈ ಕಡೆ ತಿರುಗಿಸಿ ಒಬ್ಬಳೇ ಆಡಿ ಮುಗಿಸಿದಳು.

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಈ ಸಲ ಅವಳಿಗಿಂತ ಮೊದಲೇ ನಕ್ಕ. ಪೆಟ್ಟು ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂಬುದು ತಿಳಿದ ಕಸುಬುದಾರ ಅವನು. ಮಗಳ ಮಾತಿನ ಪೆಟ್ಟು ಒಂದೂ ಜಾಗ ತಪ್ಪಲಿಲ್ಲ. ಇಂಥವಳು ನನ್ನ ಮನೆಯಲ್ಲಿ ಹುಟ್ಟಿದ್ದಾಳಲ್ಲ ಎಂದು ಅವನ ಎದೆ ಉಬ್ಬಿತು.

“ನಾಳೆ ಕಿವಿ ಡಾಕ್ಟ್ರ ಹತ್ರ ಹೋಗೋಣ,” ಅಂದಳು ಮಗಳು ಕೊನೆಗೆ. “ನಂಗೆ ದವಡೆ ನೋಯ್ತಿದೆ.”

ಎರಡು ವಾರಕ್ಕೆ ಕಿವಿ ಮೆಷಿನ್ ಬಂತು. ಭಾನುವಾರ ಅದೇ ಸಿನಿಮಾ ಹಾಕಿ ಮಗಳು ಸೋಫಾದಲ್ಲಿ ಕುಳಿತಳು. ಸಿನಿಮಾದ ಡಾಕ್ಟರನ ದನಿ ಅಪ್ಪನ ಕಿವಿಗೆ ಮೊದಲ ಸಲ ಸ್ಪಷ್ಟವಾಗಿ ಬಿತ್ತು. ಹತ್ತು ನಿಮಿಷ ಗಂಭೀರವಾಗಿ ಕೇಳಿದ ಅವನು ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಪೂರ್ತಿ ನಿಲ್ಲಿಸಿದ.

“ಯಾಕಪ್ಪಾ, ಮೆಷಿನ್ ಸರಿ ಇಲ್ವಾ?”

“ಮೆಷಿನ್ ಸರಿಯಾಗೇ ಇದೆ. ಇವ್ನಿಗೇ ನಗ್ಸೋಕೆ ಬರಲ್ಲ. ನೀನು ಹೇಳು.”

“ಅಯ್ಯೋ, ಹೋಗಪ್ಪಾ!” ಅನ್ನುತ್ತಲೇ ಮಗಳು ಅಡುಗೆಮನೆಗೆ ಹೋದಳು. ಸ್ಟೂಲನ್ನು ನೆಲದ ಮೇಲೆ ದರದರ ಎಳೆದು ತರುತ್ತಿರುವ ಸದ್ದು ಅಪ್ಪನಿಗೆ ಚೆನ್ನಾಗಿ ಕೇಳಿಸಿತು.