ನುಸಿಗುಳಿಗೆ ಇಲ್ಲದ ಮನೆ

ಮನೆಯವರೆಲ್ಲ ಹೂಂ ಎಂದಿದ್ದರು. ಸೊಸೆಗೆ ತಲೆ ಕೆಟ್ಟದ್ದೇ ಆ ಹೂಂನಿಂದ. ಆಗುವುದಿಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಕೆಳಗೆ ಅಂಗಡಿ, ಮೇಲೆ ಮನೆ. ನಾಟಕದವರಿಗೆ, ಶಾಲೆಗಳಿಗೆ ವೇಷದ ಬಟ್ಟೆ ಬಾಡಿಗೆಗೆ ಕೊಡುವುದು ಮಾವನ ಅಪ್ಪನ ಕಾಲದಿಂದ ಬಂದ ವ್ಯಾಪಾರ. ರಾಜರು, ಸಿಪಾಯಿಗಳು, ವಕೀಲರು, ದೆವ್ವಗಳು ಎಲ್ಲರೂ ಒಂದೇ ಕಬ್ಬಿಣದ ಸರಳಿಗೆ ಹೆಗಲಿಗೆ ಹೆಗಲು ತಾಗಿಸಿ ನೇತಾಡುತ್ತಿದ್ದರು. ಉಣ್ಣೆ, ಮಖಮಲ್ಲು ಇದ್ದಲ್ಲಿ ನುಸಿ ಬರುತ್ತದೆ. ನುಸಿ ಬರುವಲ್ಲಿ ನುಸಿಗುಳಿಗೆ ಇರಬೇಕು. ಕೋಟಿನ ಜೇಬಿನಲ್ಲಿ, ಬೂಟಿನ ಮೂತಿಯಲ್ಲಿ, ಗಡ್ಡ ಮೀಸೆಗಳ ಡಬ್ಬಿಯಲ್ಲಿ, ಎಲ್ಲೆಲ್ಲೂ ಆ ಬಿಳಿ ಉಂಡೆಗಳು. ಬೀದಿಯ ತಿರುವಿನಲ್ಲೇ ಮೂಗಿಗೆ ಬಡಿಯುವ ಆ ವಾಸನೆ ಮನೆಯವರಿಗೆ ಮಾತ್ರ ಗೊತ್ತೇ ಆಗುತ್ತಿರಲಿಲ್ಲ.

ಹಿಂದಿನ ತಿಂಗಳು ಸೊಸೆಯ ಮೂರು ವರ್ಷದ ಮಗ ಬೆಳಿಗ್ಗೆ ಎದ್ದವನು ಕರಿ ಚಹಾದ ಬಣ್ಣದ ಉಚ್ಚೆ ಹೊಯ್ದ. ಕೂತಲ್ಲಿ ಕೂರದ ಹುಡುಗನೆಂದು ಅಜ್ಜ ಅವನನ್ನು ಚಿಗಟ ಎಂದು ಕರೆಯುತ್ತಿದ್ದರು. ಅಂದು ಚಿಗಟ ಹಾಸಿಗೆ ಬಿಟ್ಟು ಏಳಲಿಲ್ಲ. ಕಣ್ಣು ಹಳದಿ, ತುಟಿ ಬಿಳಿ. ಆಸ್ಪತ್ರೆಯಲ್ಲಿ ರಕ್ತ ಕೊಡಬೇಕಾಯಿತು.

"ಮನೇಲಿ ನುಸಿಗುಳಿಗೆ ಇಡ್ತೀರಾ?" ಎಂದು ಮಕ್ಕಳ ಡಾಕ್ಟರಮ್ಮ ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೆಸ್ತರ ಮನೆಯವರನ್ನು ಮೀನು ಕಂಡಿದ್ದೀರಾ ಎಂದು ಕೇಳಿದ ಹಾಗಿತ್ತು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ ಈ ಹುಡುಗನಲ್ಲಿ ಕಡಿಮೆ. ಜಿ-ಸಿಕ್ಸ್-ಪಿ-ಡಿ ಕೊರತೆ ಎಂದು ಅದರ ಹೆಸರು. ಡಿಎನ್‌ಎಯ ಅಷ್ಟುದ್ದದ ಬರಹದಲ್ಲಿ ಬರೀ ಒಂದು ಅಕ್ಷರ ಬೇರೆ ಇದ್ದರೂ ಹೀಗಾಗಬಹುದು. ಉಳಿದಂತೆ ಮಗು ಗಟ್ಟಿಮುಟ್ಟು. ಕೆಲವು ಮಾತ್ರೆಗಳು ಮತ್ತು ನುಸಿಗುಳಿಗೆಯ ಆವಿ ಮಾತ್ರ ಆಗಿಬರುವುದಿಲ್ಲ, ಕಣಗಳು ಒಡೆಯುತ್ತವೆ. ಇದು ಬಂದಿರುವುದು ತಾಯಿಯಿಂದ. ತಾಯಿಗೆ ಏನೂ ತೊಂದರೆ ಕಾಣಿಸದೆ ಇರಬಹುದು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅತ್ತೆಯ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

"ನಾನು ಆವತ್ತೇ ಅಂದ್ಕೊಂಡೆ. ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ."

"ಮೂಗು ನಿಮ್ದು, ಕಣ್ಣು ನಿಮ್ದು, ಹಟ ನಿಮ್ದು. ರೋಗ ಮಾತ್ರ ನಂದು. ಆಯ್ತು ಅತ್ತೆ, ನಂದೇ. ಈಗ ಗುಳಿಗೆ ತೆಗೀತೀರಾ?"

"ನಾವೆಲ್ಲ ಇದೇ ವಾಸನೇಲಿ ಬೆಳೆದ್ವಿ," ಎಂದರು ಮಾವ. "ನಮಗೇನಾಯ್ತು?"

"ನಿಮಗಿಲ್ಲ ಮಾವ, ಅವನಿಗಿದೆ. ಅದನ್ನೇ ತಾನೆ ಹೇಳ್ತಿರೋದು?"

ಗಂಡ ನಡುವೆ ಬಾಯಿ ಹಾಕಿದ. "ಇದರಿಂದ ಒಳ್ಳೇದೂ ಇದೆಯಂತೆ ಅಪ್ಪ. ಹಿಂದೆ ಮಲೇರಿಯಾ ಹಬ್ಬಿದ ಕಡೆ ಈ ಥರ ರಕ್ತ ಇದ್ದೋರು ಹೆಚ್ಚು ಬದುಕಿದ್ರಂತೆ. ಅದಕ್ಕೇ ಇದು ಅಳಿದುಹೋಗದೆ ಉಳ್ಕೊಂಡಿದೆ ಅಂದ್ರು ಡಾಕ್ಟ್ರು."

"ನೋಡು ಮತ್ತೆ! ಒಳ್ಳೇದೇ ಆಯ್ತಲ್ಲ!" ಎಂದು ಮಾವನ ಮುಖ ಅರಳಿತು.

ಸೊಸೆ ಗಂಡನನ್ನು ನೋಡಿದ ನೋಟಕ್ಕೆ ಅವನು ಅಂಗಡಿಗೆ ಇಳಿದುಹೋದ. ಯಾವ ಕಾಲದ್ದೋ ಸೊಳ್ಳೆಯಿಂದ ಯಾರೋ ಬದುಕಿಕೊಂಡರೆಂದು ಈ ಕಾಲದ ಮಗುವನ್ನು ಗುಳಿಗೆಯ ಗೂಡಿನಲ್ಲಿ ಮಲಗಿಸಬೇಕೆ?

ಕೊನೆಗೆ ಎಲ್ಲರೂ ಹೂಂ ಎಂದರು. ಗಂಡ ಚೀಲಗಟ್ಟಲೆ ಉಂಡೆಗಳನ್ನು ಹೊರಗೆ ಸಾಗಿಸಿದ. ಬಟ್ಟೆಗಳು ಮಾಳಿಗೆಯ ಮೇಲೆ ಗಾಳಿಗೆ ಬಿದ್ದವು. ಆದರೂ ಮೊದಲು ಗೊತ್ತೇ ಆಗದಿದ್ದ ಆ ವಾಸನೆ ಈಗ ಸೊಸೆಯ ಮೂಗಿಗೆ ಬರುತ್ತಲೇ ಇತ್ತು. ಹುಡುಕಿದರೆ ವಕೀಲರ ಕೋಟಿನಲ್ಲಿ ಸಿಕ್ಕಿತು. "ಅಯ್ಯೋ, ಅದು ಮರೆತೇಹೋಗಿತ್ತು ಕಣೆ," ಎಂದ ಗಂಡ. ಅತ್ತೆಯ ಶಾಲಿನ ಮಡಿಕೆಯಲ್ಲಿ ಸಿಕ್ಕಿತು. "ಅದು ನನ್ನ ಬೀರು. ಅವನು ಅಲ್ಲಿಗೆಲ್ಲಿ ಬರ್ತಾನೆ?" ಎಂದರು ಅತ್ತೆ. ಅವನು ಬೀರುವಿನೊಳಗೇ ಅಡಗಿ ಕೂರುತ್ತಿದ್ದುದು ಅವರಿಗೂ ಗೊತ್ತಿತ್ತು. ಸಿಕ್ಕ ಸಿಕ್ಕ ಜೇಬಿಗೆ ಕೈಹಾಕಿ ಮೂಸುವ ಅವಳನ್ನು ಕಂಡು ಅತ್ತೆ ಪಕ್ಕದ ಮನೆಯವರೊಂದಿಗೆ, "ನಮ್ಮನೆಗೆ ಪೊಲೀಸ್ ನಾಯಿ ಬೇಡ ಬಿಡಿ," ಎಂದದ್ದೂ ಕಿವಿಗೆ ಬಿತ್ತು. ಅಂದರೆ ಅನ್ನಲಿ ಎಂದುಕೊಂಡು ಮೂಸುವುದನ್ನು ಮುಂದುವರಿಸಿದಳು.

ಒಂದು ಮಧ್ಯಾಹ್ನ ಮಗನ ಸದ್ದು ನಿಂತಿತು. ಅವನ ಗಲಾಟೆಗಿಂತ ಅವಳಿಗೆ ಹೆದರಿಕೆಯಾಗುತ್ತಿದ್ದದ್ದು ಅವನ ಮೌನಕ್ಕೆ. ಮೆಟ್ಟಿಲು ಇಳಿದು ಅಂಗಡಿಯ ಹಿಂದಿನ ಕೋಣೆಗೆ ಓಡಿದಳು. ಅಲ್ಲಿ ಗೋಡೆಗೆ ರಾಜನ ದೊಡ್ಡ ನಿಲುವಂಗಿ ನೆಲದವರೆಗೂ ನೇತುಬಿದ್ದಿತ್ತು. ಮಾವನ ಅಪ್ಪ ಕೈಯಾರೆ ಹೊಲಿದ, ದಾಳಿಂಬೆ ಬಣ್ಣದ ಮಖಮಲ್ಲಿನದು. ಅದರ ಕೆಳಗಿನಿಂದ ಎರಡು ಪುಟ್ಟ ಪಾದಗಳು ಹೊರಗೆ ಬಂದಿದ್ದವು. ಚಿಗಟ ನಿಲುವಂಗಿಯೊಳಗೆ ನುಗ್ಗಿ, ಅಂಚನ್ನೇ ಮೂತಿಗೆ ಹೊದ್ದು ನಿದ್ದೆ ಹೋಗಿದ್ದ.

ಎಳೆದು ಎತ್ತಿಕೊಂಡಾಗ ಅಂಚು ಅವಳ ಕೈಗೆ ಗಂಟುಗಂಟಾಗಿ ತಾಗಿತು. ಒತ್ತಿ ನೋಡಿದಳು. ಬಟಾಣಿ ಸಿಪ್ಪೆಯೊಳಗಿನ ಕಾಳಿನ ಹಾಗೆ ಉದ್ದಕ್ಕೂ ಉಂಡೆಗಳು. ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ. ಅಂಥ ಹೊಲಿಗೆ ಹಾಕುವ ಕೈ ಆ ಮನೆಯಲ್ಲಿ ಒಂದೇ.

"ಮಾವ! ಏನಿದು?"

ಮಾವ ಬಾಗಿಲಲ್ಲಿ ನಿಂತರು. "ಅಂಚಿಗೆ ಸ್ವಲ್ಪ ಭಾರ ಬೇಕಮ್ಮ. ಇಲ್ದಿದ್ರೆ ರಾಜ ನಡೆಯುವಾಗ ಅಂಗಿ ಹಾರುತ್ತೆ."

"ಭಾರಕ್ಕೆ ಹಿತ್ತಾಳೆ ಸರಪಳಿ ಹಾಕ್ತಾರೆ. ನೀವೇ ನನಗೆ ಹೇಳಿಕೊಟ್ಟಿದ್ದು."

ಅವರು ನೆಲ ನೋಡಿದರು. "ನಮ್ಮಪ್ಪ ಹೊಲಿದಿದ್ದಮ್ಮ. ಹುಳ ತಿಂದ್ರೆ ಮತ್ತೆ ಎಲ್ಲಿಂದ ತರ್ಲಿ?"

"ಇವನನ್ನ ಎಲ್ಲಿಂದ ತರ್ತೀರಾ ಮಾವ?"

ಮಗನನ್ನು ಹೆಗಲಿಗೆ ಹಾಕಿಕೊಂಡು ಅವಳು ಮೆಟ್ಟಿಲು ಹತ್ತಿ ಫೋನು ಎತ್ತಿಕೊಂಡಳು.

ಡಾಕ್ಟರಮ್ಮ ಫೋನಿನಲ್ಲೇ ಹೇಳಿದರು: ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಎರಡು ಮೂರು ದಿನ ಉಚ್ಚೆಯ ಬಣ್ಣ ನೋಡುತ್ತಿರಿ, ಕಪ್ಪಾದರೆ, ಮಗು ಸೋತಂತೆ ಕಂಡರೆ, ಒಂದು ನಿಮಿಷವೂ ಕಾಯದೆ ಕರೆತನ್ನಿ.

ಅಂದಿನಿಂದ ಆ ಮನೆಯ ಬದುಕೆಲ್ಲ ಬಚ್ಚಲಿನ ಮುಂದೆ ಬಂದು ನಿಂತಿತು. ಅತ್ತೆ ಬಿಳಿ ಬಟ್ಟಲು ತಂದುಕೊಟ್ಟರು. ಗಂಡ ದೀಪ ಬದಲಾಯಿಸಿದ. ಮಾವ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತರು.

"ಯಾವ ಬಣ್ಣ?"

"ಇನ್ನೂ ಹೊಯ್ದಿಲ್ಲ ಮಾವ."

"ನೀರು ಕುಡಿಸಿದ್ಯಾ?"

"ಕುಡಿಸಿದ್ದೀನಿ."

"ಸಾಲದೇನೋ."

"ನೀವು ಸ್ವಲ್ಪ ಸುಮ್ನಿದ್ರೆ ಸಾಕು!"

ಒಳಗಿನಿಂದ ಚಿಗಟ ಕೂಗಿದ: "ಅಜ್ಜ ಕೇಳಿಸ್ಕೋತಾನೆ! ನಂಗೆ ಬರಲ್ಲ!"

ಅಜ್ಜ ಬೆಕ್ಕಿನ ಹೆಜ್ಜೆಯಿಟ್ಟು ಮೆಟ್ಟಿಲವರೆಗೆ ಹೋದರು, ತಡೆಯಲಾರದೆ ಮತ್ತೆ ಬಂದರು. ಹೀಗೆಯೇ ಮರುದಿನ, ಅದರ ಮರುದಿನ. ಪ್ರತಿ ಸಲವೂ ಸೊಸೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಹಳದಿಯೋ ಕಂದೋ ಎಂದು ತನ್ನ ಕಣ್ಣನ್ನೇ ನಂಬದೆ ಇನ್ನೊಮ್ಮೆ ನೋಡುತ್ತಿದ್ದಳು. ಪ್ರತಿ ಸಲವೂ ತಿಳಿಯಾಗಿಯೇ ಇತ್ತು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮನೂ ಈ ಸಲ ಪಾರಾದ ಎಂದರು.

ಆ ಸಂಜೆ ಮಗನನ್ನು ಅತ್ತೆಯ ಬಳಿ ಬಿಟ್ಟು ಮಾಳಿಗೆಗೆ ಹೋದಾಗ ಮಾವ ನಿಲುವಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಅಂಚಿನ ಹೊಲಿಗೆ ಬಿಚ್ಚುತ್ತಿದ್ದರು. ಉಂಡೆಗಳು ಒಂದೊಂದಾಗಿ ಮುಚ್ಚಳದ ಡಬ್ಬಿಗೆ ಬೀಳುತ್ತಿದ್ದವು. ಅವಳು ಎದುರಿಗೆ ಕೂತು ಇನ್ನೊಂದು ತುದಿ ಎಳೆದುಕೊಂಡಳು.

"ಇನ್ಮೇಲೆ ಇದನ್ನ ಬಿಸಿಲಿಗೆ ಹಾಕಿ, ಮಡಿಕೆ ಮಡಿಕೆ ಬಿಡಿಸಿ ಬ್ರಶ್ ಹೊಡೀಬೇಕು," ಎಂದರು ಮಾವ, ತಲೆ ಎತ್ತದೆ. "ಹುಳದ ಮೊಟ್ಟೆ ಎಲ್ಲರ ಕಣ್ಣಿಗೂ ಬೀಳಲ್ಲ. ನೀನೇ ನೋಡ್ಬೇಕು."

"ಹೊಲಿದೋರು ನೀವು. ಕೆಲಸ ನನಗಾ?"

"ಗುಳಿಗೆ ಬೇಡ ಅಂದೋಳು ನೀನು."

ಅವಳು ಹಲ್ಲು ಕಚ್ಚಿ ಕೊರಳಪಟ್ಟಿ ಮಡಚಿದಳು. ಅದರ ಒಳಮೈಯಲ್ಲಿ ಜರಡಿಯಂತೆ ತೂತುಗಳು. ಒಂದು ತೂತಿನ ಬಾಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಹುಳ ನಿಧಾನವಾಗಿ ತಲೆ ಆಡಿಸುತ್ತಿತ್ತು. ಅವಳು ಪಟ್ಟಿಯನ್ನು ಮಾವನ ಕಡೆ ತಿರುಗಿಸಿ ಹಿಡಿದಳು.

ಮಾವ ಕನ್ನಡಕ ಏರಿಸಿ ನೋಡಿದರು. ಅಂಚಿನ ತುಂಬ ಗುಳಿಗೆ, ಕೊರಳಲ್ಲಿ ಹುಳ. ಎಷ್ಟು ದಿನದಿಂದ ತಿನ್ನುತ್ತಿತ್ತೋ. ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

"ಇಷ್ಟೆಲ್ಲ ಮಾಡಿದ್ದು ಇದಕ್ಕೋಸ್ಕರ," ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಪಕ್ಕದಲ್ಲಿದ್ದ ಬ್ರಶ್ಶನ್ನು ತಾವೇ ಎತ್ತಿಕೊಂಡು, "ಕೊಡು ಇಲ್ಲಿ, ನಾನೇ ಹೊಡೀತೀನಿ. ನೀನು ಎಲ್ಲೆಲ್ಲಿದೆ ಅಂತ ತೋರಿಸು," ಎಂದರು.