ಐವತ್ತಕ್ಕೆ ಕುಣಿಯುವ ಜೀಪು

ನಮ್ಮ ಕಡೆಯ ಹಳೇ ಜೀಪುಗಳಿಗೆ ಒಂದು ಚಾಳಿ ಇದೆ. ಊರೊಳಗೆ ಸಾಧುವಾಗಿರುತ್ತವೆ. ಟಾರು ರಸ್ತೆಗೆ ಬಿದ್ದು ಸ್ಪೀಡು ಐವತ್ತರ ಹತ್ತಿರ ಬಂದರೆ ಸಾಕು, ಮುಂದಿನ ಚಕ್ರಗಳು ಮೈಮೇಲೆ ಬಂದಂತೆ ಕುಣಿಯುತ್ತವೆ.

ಲಕ್ಕಮ್ಮನಿಗೆ ಈ ಕುಣಿತ ಮೊದಲು ಗೊತ್ತಾಗುತ್ತಿದ್ದದ್ದು ಮೊಣಕಾಲಿನಲ್ಲಿ. ಗಂಡ ಸಣ್ಣರಂಗಯ್ಯನ ಹಳದಿ ಬೋರ್ಡಿನ ಫೋರ್ ವೀಲ್ ಜೀಪಿನಲ್ಲಿ ಅವಳದು ಮುಂದಿನ ಸೀಟು. ಹಿಂದೆ ಸ್ವಸಹಾಯ ಸಂಘದ ಹೆಂಗಸರು. ಮಧುಗಿರಿ ತಾಲ್ಲೂಕಿನ ಅಂಚಿನ ಆ ಊರಿನಿಂದ ದಿನಾ ಬೆಳಗ್ಗೆ ಪಾವಗಡದ ಕಡೆ ಹೊರಟು, ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವುದು ಅವರೆಲ್ಲರ ಕೆಲಸ. ಅಷ್ಟು ಹೊತ್ತಿಗೆ ಬಸ್ಸಿಲ್ಲ. ಜೀಪು ಹೊರಟರೆ ಕೆಲಸ, ಇಲ್ಲದಿದ್ದರೆ ಮನೆ.

ಲಕ್ಕಮ್ಮ ಕೇಳುವ ಹೆಂಗಸು. ಬಿಸಿಲು ಗಾಜಿನೊಳಗೆ ಹೋಗಿ ಹೆಂಗೆ ಕರೆಂಟಾಗುತ್ತದೆ ಎಂದು ಅವಳು ಕೇಳಿ ಕೇಳಿ, ಪಾರ್ಕಿನ ಸೂಪರ್‌ವೈಸರ್ ಅವಳನ್ನು ಕಂಡರೆ ಪಕ್ಕದ ಸಾಲಿಗೆ ತಿರುಗಿಕೊಳ್ಳುತ್ತಿದ್ದ. ಜೀಪಿನ ವಿಷಯದಲ್ಲೂ ಹಾಗೇ.

"ಯಾಕೆ ಇಂಗೆ ಅಳ್ಳಾಡ್ತದೆ?"

"ರೋಡು ಸರಿಯಿಲ್ಲ," ಎನ್ನುತ್ತಿದ್ದ ಸಣ್ಣರಂಗಯ್ಯ.

"ಇದೇ ರೋಡಲ್ಲಿ ನಿನ್ನೆ ಆ ಟೆಂಪೋ ನೆಟ್ಟಗೆ ಹೋಯ್ತಲ್ಲ?"

"ಅದು ಹೊಸದು. ಇದು ಹಳೇದು. ನಿನಗೆ ಮೊಣಕಾಲು ನೋಯಲ್ವಾ? ಇದಕ್ಕೂ ಅಂಗೇ. ಸುಮ್ನೆ ಕೂತ್ಕೋ."

ಸಣ್ಣರಂಗಯ್ಯ ಕೆಟ್ಟ ಡ್ರೈವರಲ್ಲ. ಆದರೆ ಕುಣಿತಕ್ಕೆ ಅವನ ಹತ್ತಿರ ಇದ್ದದ್ದು ಒಂದೇ ಮದ್ದು. ಅವನಿಗೆ ಗಾಡಿ ಕಲಿಸಿದ ಶಿರಾದ ಲಾರಿಯವರು ಹೇಳಿಕೊಟ್ಟದ್ದು: ಐವತ್ತಕ್ಕೆ ಕುಣಿದರೆ ಅರವತ್ತಕ್ಕೆ ಒತ್ತು, ತಾನೇ ನಿಲ್ಲುತ್ತೆ. ಅದಕ್ಕೂ ನಿಲ್ಲದಿದ್ದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಕೊಡುವ ಫೋರ್ ವೀಲ್ ಲಿವರ್ ಎಳಿ, ನೆಲ ಕಚ್ಚಿ ಹಿಡಿಯುತ್ತೆ.

ಒಂದು ದಿನ ಬೆಳಗ್ಗೆಯೂ ಹಾಗೇ ಒತ್ತಿದ. ವಳ್ಳೂರು ಇನ್ನೂ ದೂರವಿತ್ತು. ಒಂದು ಸಣ್ಣ ಮೋರಿಯ ಮೇಲೆ ಗುಂಡಿ, ಎಡಗಡೆ ಚಕ್ರ ಅದರಲ್ಲಿ ಇಳಿದು ಎದ್ದಿತು. ಅಷ್ಟೇ. ಸ್ಟೇರಿಂಗು ಅವನ ಕೈಯಲ್ಲಿ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿತು. ಒತ್ತಿದಷ್ಟೂ ಹೆಚ್ಚಾಯಿತು. ಎದುರಿಗೆ ಬರುತ್ತಿದ್ದ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಹಿಂದಿನಿಂದ ಒಂದು ಬುತ್ತಿ ಡಬ್ಬಿ ಹಾರಿ ರಸ್ತೆಗೆ ಬಿತ್ತು. ಜೀಪು ಜಾಲಿ ಪೊದೆಗೆ ಮೂತಿ ಇಟ್ಟು ನಿಂತಿತು.

ಯಾರಿಗೂ ಏಟಾಗಲಿಲ್ಲ. ಸಂಘದ ಅಧ್ಯಕ್ಷೆ ದಾಸಮ್ಮ ಮೊದಲು ಇಳಿದಳು. ರಸ್ತೆ ಮೇಲೆ ಚೆಲ್ಲಿದ್ದ ತನ್ನ ಚಿತ್ರಾನ್ನವನ್ನು ಸ್ವಲ್ಪ ಹೊತ್ತು ನೋಡಿದಳು.

"ಸಣ್ಣರಂಗಣ್ಣ, ನಿನ್ನ ಗಾಡಿ ಕುಣಿಯೋದಾದ್ರೆ ಮೊದ್ಲೇ ಹೇಳು, ನಾವು ತಮಟೆ ತರ್ತೀವಿ," ಎಂದಳು. "ನಾಳೆ ಅಮಾಸೆ, ಕೆಲಸ ಇಲ್ಲ. ನಾಳಿದ್ದೂ ಇದು ಹಿಂಗೇ ಇದ್ರೆ ನಾವ್ಯಾರೂ ಹತ್ತಲ್ಲ. ಕೆಲಸ ಹೋದ್ರೆ ಹೋಗ್ಲಿ. ಮನೇಲಿ ಮಕ್ಕಳವೆ."

ಲಕ್ಕಮ್ಮ ಅವತ್ತೇ ಸಂಜೆ ಯಶಸ್ವಿನಿಗೆ ಫೋನ್ ಮಾಡಿದಳು. ಯಶಸ್ವಿನಿ ಸಣ್ಣರಂಗಯ್ಯನ ಅಕ್ಕನ ಮಗಳು, ಮಧುಗಿರಿಯಲ್ಲಿ ಐಟಿಐ ಹುಡುಗರಿಗೆ ಮೋಟಾರು ಕೆಲಸ ಕಲಿಸುವ ಮೇಡಂ.

ಮರುದಿನ ಅವಳು ಬಂದಾಗ ಸಣ್ಣರಂಗಯ್ಯ ಜೀಪು ತೊಳೆದು, ವಿಭೂತಿ ಬಳಿದು, ಜಾಕು ಕೈಗೆತ್ತಿಕೊಂಡಿದ್ದ. ಪ್ರತಿ ಅಮಾವಾಸ್ಯೆಗೂ ಅವನದೊಂದು ಪದ್ಧತಿ. ಪೂಜೆಗೆ ಮುಂಚೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆಮೇಲೆ ನಾಲ್ಕಕ್ಕೂ ನಿಂಬೆಹಣ್ಣು.

"ಮಾವ, ತಡಿ! ಟೈರು ಬಿಚ್ಚಬ್ಯಾಡ," ಎಂದು ಯಶಸ್ವಿನಿ ಸ್ಕೂಟಿಯ ಮೇಲಿಂದಲೇ ಕೂಗಿದಳು.

"ಯಾಕಮ್ಮಿ? ಎಲ್ಲಾ ಸಮವಾಗಿ ಸವೀಲಿ ಅಂತ ಬದಲಾಯಿಸ್ತೀನಿ. ನಿಮ್ಮ ಪುಸ್ತಕದಲ್ಲೂ ಅದೇ ಇರ್ತದಲ್ಲ?"

"ಬದಲಾಯಿಸೋದು ತಪ್ಪಲ್ಲ ಮಾವ. ನೋಡದೆ ಬದಲಾಯಿಸೋದು ತಪ್ಪು. ಟೈರು ಅಂದ್ರೆ ಸಾಕ್ಷಿ ಇದ್ದಂಗೆ. ಎಲ್ಲಿ ನಿಂತು ನೋಡ್ತೋ ಅಲ್ಲೇ ಇದ್ರೆ ನಿಜ ಹೇಳ್ತದೆ. ನೀನು ತಿಂಗಳಿಗೊಂದ್ಸಲ ಸಾಕ್ಷೀನ ಊರು ಬಿಡಿಸ್ತಿದ್ದೀಯ. ಯಾವ ಚಕ್ರದ ಹತ್ತಿರ ಏನ್ ಕೆಟ್ಟದೆ ಅಂತ ಹೆಂಗೆ ಗೊತ್ತಾಗ್ಬೇಕು?"

ಲಕ್ಕಮ್ಮ ಅಷ್ಟರಲ್ಲಿ ಎಡ ಮುಂಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಾಗಿತ್ತು. "ಏನ್ ಹೇಳ್ತದೆ ಇದು? ತೋರ್ಸು."

"ಕೈಯಿಟ್ಟು ಸವರು ಅತ್ತೆ. ಹೊರಗಿಂದ ಒಳಕ್ಕೆ. ಆಮೇಲೆ ಒಳಗಿಂದ ಹೊರಕ್ಕೆ."

ಲಕ್ಕಮ್ಮ ಸವರಿದಳು. ಒಂದು ಕಡೆಗೆ ಕೈ ನುಣ್ಣಗೆ ಜಾರಿತು. ತಿರುಗಿ ಬರುವಾಗ ಟೈರಿನ ಹಲ್ಲುಗಳು ಅಂಗೈಗೆ ಕಚ್ಚಿದವು. ಇನ್ನೊಮ್ಮೆ ಸವರಿದಳು. ಮತ್ತೆ ಹಾಗೇ.

"ಅಯ್ಯೋ, ಬೆಕ್ಕಿನ ನಾಲಿಗೆ ಇದ್ದಂಗದೆ!"

"ಅಂಗಿದ್ರೆ ಚಕ್ರ ನೆಟ್ಟಗೆ ಉರುಳ್ತಿಲ್ಲ, ಓರೆಯಾಗಿ ನೆಲ ಉಜ್ಜಿಕೊಂಡು ಹೋಗ್ತಿದೆ ಅಂತ. ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ. ಮಧ್ಯ ಸವೆದಿದ್ರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ರೆ ಚಕ್ರ ವಾಲಿರ್ಬೌದು. ಅಲ್ಲಲ್ಲಿ ಹಳ್ಳ ಬಿದ್ದಿದ್ರೆ ಚಕ್ರ ನೆಲದ ಮೇಲೆ ಕುಪ್ಪಳಿಸ್ತಾ ಇದೆ, ಎಲ್ಲೋ ಏನೋ ಸಡಿಲ ಆಗಿದೆ."

"ಇಲ್ಲಿ ಹಳ್ಳನೂ ಅವೆ," ಎಂದಳು ಲಕ್ಕಮ್ಮ, ಬೆರಳಿನಿಂದ ಹುಡುಕುತ್ತಾ.

ಸಣ್ಣರಂಗಯ್ಯ ನಕ್ಕ. "ಅಂಗೈ ನೋಡಿ ಭವಿಷ್ಯ ಹೇಳೋರ್ನ ನೋಡಿದ್ದೆ. ಟೈರು ನೋಡಿ ಹೇಳೋರ್ನ ಇವತ್ತೇ ನೋಡಿದ್ದು. ಲೇ ಯಶಿ, ನಡುಕ ತಡೆಯೋ ಒಂದು ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದ್ರೆ ಮುಗೀತು. ಹೋದ ಸಲ ಹಾಕಿಸ್ದಾಗ ಕುಣಿತ ನಿಂತಿರ್ಲಿಲ್ವಾ?"

"ನಿಂತಿದ್ದು ಎಷ್ಟು ದಿನ ಮಾವ?"

ಸಣ್ಣರಂಗಯ್ಯ ಜಾಕಿನ ಹಿಡಿ ಒರೆಸತೊಡಗಿದ.

"ಹಲ್ಲುನೋವಿಗೆ ಲವಂಗ ಇಟ್ಟಂಗೆ ಅದು. ನೋವು ಗೊತ್ತಾಗಲ್ಲ, ಹುಳುಕು ಮಾತ್ರ ಒಳಗೇ ತಿಂತಾ ಇರ್ತದೆ. ಡ್ಯಾಂಪರ್ ಬ್ಯಾಡ ಅಂತಲ್ಲ. ಮೊದ್ಲು ಹುಳುಕು ಎಲ್ಲದೆ ನೋಡಾಣ."

ಈ ಮಾತುಕತೆ ಕೇಳಿ ದಾಸಮ್ಮ ಬಂದಳು. ಅವಳ ಹಿಂದೆ ಸಂಘದ ಇನ್ನೂ ಕೆಲವರು.

ಯಶಸ್ವಿನಿ ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿದಳು. ಎಡ ಮುಂಚಕ್ರ ಜಾಕಿನಲ್ಲಿ ಎದ್ದ ಮೇಲೆ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿಸಿದಳು. "ಜಾಕೊಂದನ್ನೇ ನಂಬಿ ಯಾರೂ ಕೆಳಗೆ ಕೈ ಹಾಕ್ಬಾರ್ದು," ಎಂದಳು. ಆಮೇಲೆ ಲಕ್ಕಮ್ಮನ ಒಂದು ಕೈ ಚಕ್ರದ ತಲೆಯ ಮೇಲೆ, ಇನ್ನೊಂದು ಕೈ ಬುಡದಲ್ಲಿ ಇಡಿಸಿದಳು. "ಮೇಲಿಂದ ಎಳಿ, ಕೆಳಗಿಂದ ತಳ್ಳು. ಆಮೇಲೆ ತಿರುಗಾಮುರುಗಾ."

ಟಕ್. ಟಕ್. ಚಕ್ರ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಬೇರಿಂಗು," ಎಂದ ಸಣ್ಣರಂಗಯ್ಯ ತಕ್ಷಣ. "ವೀಲ್ ಬೇರಿಂಗು ಲೂಸಾಗದೆ. ಬಿಗಿ ಮಾಡಿದ್ರಾಯ್ತು."

"ಇರ್ಬೌದು. ಅಂದಾಜು ಯಾಕೆ, ಗಾಡೀನೇ ಕೇಳಾಣ. ದಾಸಮ್ಮಕ್ಕ, ನೀವು ಹತ್ತಿ ಬ್ರೇಕ್ ಒತ್ತಿ ಹಿಡೀರಿ."

"ನಾನಾ? ನಾಳೇನೇ ಹತ್ತಲ್ಲ ಅಂದಿದ್ದೀನಲ್ಲಮ್ಮ!"

"ನಿಂತಿರೋ ಗಾಡಿ ಕಣಕ್ಕ, ಹತ್ತಿ."

ದಾಸಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು, ಬ್ರೇಕ್ ತುಳಿದಳು. "ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತ್ರೆ ಬೇರಿಂಗು," ಎಂದಳು ಯಶಸ್ವಿನಿ. "ನಿಲ್ಲದೆ ಇದ್ರೆ ಅದಕ್ಕಿಂತ ಒಳಗಿರೋ ಕಿಂಗ್ ಪಿನ್. ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಆ ಪಿನ್ನಿನ ಮೇಲೇನೇ. ಈಗ ಅಲ್ಲಾಡ್ಸು ಅತ್ತೆ."

ಎಲ್ಲರೂ ಬಗ್ಗಿದರು. ಲಕ್ಕಮ್ಮ ಉಸಿರು ಬಿಗಿಹಿಡಿದು ಎಳೆದಳು.

ಟಕ್.

ಈ ಸಲ ಸಣ್ಣರಂಗಯ್ಯ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ತಾನೇ ಹಿಡಿದು ಎಳೆದ. ದಾಸಮ್ಮನಿಗೆ "ಬಿಡು" ಎಂದ, "ಒತ್ತು" ಎಂದ, ಮತ್ತೆ "ಬಿಡು" ಎಂದ. ಎಷ್ಟು ಸಲ ಮಾಡಿದರೂ ಅದೇ ಸದ್ದು. ಅವನ ಮುಖದಲ್ಲಿ ಕೋಪ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರ ಕಾಲಿನಲ್ಲಿ ಇವತ್ತು ಒಂದು ಮಚ್ಚೆ ಕಂಡಂತೆ ನೋಡುತ್ತಿದ್ದ.

"ಇನ್ನೂ ಒಂದದೆ," ಎಂದಳು ಯಶಸ್ವಿನಿ. ಚಕ್ರ ಕೆಳಗಿಳಿಸಿ, ಇಂಜಿನ್ ಬಂದ್ ಇಟ್ಟು, ದಾಸಮ್ಮನಿಗೆ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಲು ಹೇಳಿದಳು. ಎರಡು ಮುಂಚಕ್ರಗಳನ್ನು ಸೇರಿಸುವ ಉದ್ದನೆಯ ಕಂಬಿ ತೋರಿಸಿ, ಅದರ ತುದಿಯ ಕೀಲಿನ ಮೇಲೆ ಲಕ್ಕಮ್ಮನ ಅಂಗೈ ಇಡಿಸಿದಳು. "ಇದು ಟೈ ರಾಡು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗ್ತದೆ. ಬೆರಳು ಸಂದೀಗೆ ಹಾಕ್ಬ್ಯಾಡ ಅತ್ತೆ, ಅಂಗೈ ಸಾಕು."

ಬಲ ತುದಿಯಲ್ಲಿ ಏನೂ ಇರಲಿಲ್ಲ. ಎಡ ತುದಿಯಲ್ಲಿ ಲಕ್ಕಮ್ಮನ ಹುಬ್ಬು ಮೇಲೇರಿತು.

"ಒಣಗಿದ ಕಡ್ಲೆಕಾಯಿ ಕಿವಿ ಹತ್ರ ಅಲ್ಲಾಡಿಸ್ದಂಗೆ ಆಯ್ತು! ಒಳಗೆ ಬೀಜ ಗಲಗಲ ಅಂತದೆ."

"ಅದೇ. ಅದು ಗಟ್ಟಿ ಕೂತಿರ್ಬೇಕು. ಈ ಎರಡು ಸಡಿಲಾನೂ ಸೇರಿ ಗುಂಡಿ ಸಿಕ್ಕಾಗ ಕುಣೀತದೆ. ಟೈರನ್ನೂ ತಿಂತದೆ."

ಸಣ್ಣರಂಗಯ್ಯ ಮಣ್ಣಿನ ಮೇಲೇ ಕೂತ. "ಮತ್ತೆ ಅರವತ್ತಕ್ಕೆ ಒತ್ತಿದ್ರೆ ನಿಲ್ತಿತ್ತಲ್ಲ?"

"ಒಂದೊಂದ್ಸಲ ನಿಲ್ತದೆ ಮಾವ. ಚಕ್ರದ ತೂಕ ಸಮ ಇಲ್ದೆ ಬರೋ ಸಣ್ಣ ನಡುಕ ಆ ಸ್ಪೀಡು ದಾಟಿದ್ರೆ ಕಮ್ಮಿ ಆಗ್ತದೆ. ಅದನ್ನೇ ನಂಬ್ಕೊಂಡು ಕೂತ್ರೆ, ನಿಲ್ದೆ ಇರೋ ದಿನ ನೀನು ಅರವತ್ತರಲ್ಲಿರ್ತೀಯ, ಹಿಂದೆ ಇವರೆಲ್ಲ ಇರ್ತಾರೆ. ಕುಣಿದ್ರೆ ಆಕ್ಸಿಲೇಟರಿಂದ ಕಾಲು ತೆಗಿ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿ. ಗಕ್ಕನೆ ಬ್ರೇಕ್ ಹೊಡೀಬ್ಯಾಡ. ನಿಧಾನಕ್ಕೆ ಎಡಕ್ಕೆ ತಂದು ನಿಲ್ಸು."

"ಫೋರ್ ವೀಲು?"

"ಕೆಸರಿಗೆ, ಮರಳಿಗೆ, ಬೆಟ್ಟದ ಕಚ್ಚಾ ದಾರೀಗೆ. ಒಣಗಿದ ಟಾರು ರೋಡಲ್ಲಿ ಹಾಕಿದ್ರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ಜಗ್ಗಾಡ್ಕೊಂಡು ಟೈರನ್ನೇ ಉಜ್ಜಿ ಹಾಕ್ತವೆ."

ಸಣ್ಣರಂಗಯ್ಯ ಹೆಂಡತಿಯ ಕಡೆ ನೋಡಿದ. ಅವಳು ಗೆದ್ದವಳಂತೆ ಕಾಣಲಿಲ್ಲ. ಅವಳು ಇನ್ನೂ ಬಗ್ಗಿ, ಬಲ ಚಕ್ರದ ಹಿಂದೆ ಏನಿದೆ ಎಂದು ಇಣುಕುತ್ತಿದ್ದಳು.

"ನಿನ್ನೆ ಮೋರಿ ಮೇಲೆ," ಎಂದ ಮೆಲ್ಲಗೆ, "ಒತ್ತಬಾರದಿತ್ತು ಕಣೆ."

"ಗೊತ್ತಿರ್ಲಿಲ್ಲ, ಒತ್ತಿದೆ. ಈಗ ಏಳು. ಶಿರಾ ಗ್ಯಾರೇಜಿಗೆ ಹೋಗಾಣ."

ಯಶಸ್ವಿನಿ ಒಪ್ಪಲಿಲ್ಲ. ಆ ಸ್ಥಿತಿಯಲ್ಲಿ ಗಾಡಿ ಓಡಿಸಬಾರದು ಎಂದಳು. ಫೋನ್ ಮಾಡಿ ಕರೆಸಿದ್ದಕ್ಕೆ ಶಿರಾ ಹೈವೇ ಬದಿಯ ಗ್ಯಾರೇಜಿನ ಉಸ್ತಾದ್ ಮಧ್ಯಾಹ್ನ ಸಾಮಾನು ತಂದು ಮನೆ ಮುಂದೆಯೇ ಕಿಂಗ್ ಪಿನ್ ಬೇರಿಂಗು, ಟೈ ರಾಡಿನ ಕೀಲು ಬದಲಾಯಿಸಿದ. "ಪೈಲೇ ಬುಲಾನಾ ಥಾ ರಂಗಯ್ಯಣ್ಣ, ಮೊದ್ಲೇ ಕರೀಬೇಕಿತ್ತು," ಎಂದು ಬೈದ. ಆಮೇಲೆ ನಿಧಾನವಾಗಿ ಮಧುಗಿರಿಗೆ ಒಯ್ದು ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಮಾಡಿಸಿದರು. ಹೆಚ್ಚು ಸವೆದಿದ್ದ ಎರಡು ಟೈರು ಬದಲಾದವು. ವಾಪಸ್ಸು ಬರುವಾಗ ಗಂಡಹೆಂಡತಿ ಇಬ್ಬರೇ. ನಲವತ್ತೈದು. ಐವತ್ತು. ಐವತ್ತೈದು. ಲಕ್ಕಮ್ಮ ಎರಡೂ ಮೊಣಕಾಲಿನ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಳು. ಮೊಣಕಾಲು ಸುಮ್ಮನಿದ್ದವು.

ಮಾರನೇ ಬೆಳಗ್ಗೆ ಹೆಂಗಸರು ಜೀಪಿನ ಸುತ್ತ ನಿಂತರು. ಯಾರೂ ಹತ್ತಲಿಲ್ಲ. ದಾಸಮ್ಮ ಬುತ್ತಿ ಡಬ್ಬಿ ಕೆಳಗಿಟ್ಟು, ಎಡ ಮುಂಚಕ್ರದ ಟೈರನ್ನು ಹೊರಗಿಂದ ಒಳಕ್ಕೆ ಸವರಿದಳು, ಒಳಗಿಂದ ಹೊರಕ್ಕೆ ಸವರಿದಳು. ಆಮೇಲೆ ಬಲಗಡೆಗೆ ಹೋದಳು. ಉಳಿದವರೂ ಬಗ್ಗಿದರು.

"ಏನ್ರವ್ವ, ಹೆಣ್ಣು ನೋಡೋಕೆ ಬಂದಂಗೆ ನೋಡ್ತೀರಲ್ಲ ನನ್ನ ಗಾಡೀನ!" ಎಂದ ಸಣ್ಣರಂಗಯ್ಯ.

"ಒಪ್ಪಿಗೆ ಆಗದೆ," ಎಂದಳು ದಾಸಮ್ಮ ಮೇಲೇಳುತ್ತಾ. "ಆದ್ರೆ ಹದಿನೈದು ದಿನಕ್ಕೊಂದ್ಸಲ ಬಂದು ನೋಡ್ತೀವಿ. ಬೇಜಾರು ಮಾಡ್ಕೋಬ್ಯಾಡ."

ಮೊದಲು ಹತ್ತಿದ್ದು ಅವಳೇ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸಿದ್ದರಬೆಟ್ಟಕ್ಕೋ, ಸಂತೆಗೋ, ಕೂಲಿಗೋ ನಿಮ್ಮನ್ನು ಹೊತ್ತೊಯ್ಯುವ ಹಳೇ ಜೀಪು ನಿಮ್ಮೂರಲ್ಲೂ ಇರುತ್ತದೆ. ಓಡಿಸುವವರು ನೀವಾಗಿದ್ದರೆ, ಟೈರು ಬದಲಾಯಿಸುವ ಮೊದಲು ಅದರ ಸವೆತ ನೋಡಿ, ಕೈಯಿಂದ ಸವರಿ. ಚಕ್ರ ಅಲ್ಲಾಡಿಸಿ ನೋಡಿ, ಸಡಿಲ ಕಂಡರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಕುಣಿತ ಬಂದರೆ ಒತ್ತಬೇಡಿ, ಕಾಲು ತೆಗೆಯಿರಿ. ಕೂರುವವರು ನೀವಾಗಿದ್ದರೆ, "ಯಾಕೆ ಹಿಂಗೆ ಅಳ್ಳಾಡ್ತದೆ?" ಎಂದು ಕೇಳಲು ಸಂಕೋಚಪಡಬೇಡಿ. ಸರಿಯಾದ ಉತ್ತರ ಸಿಗುವವರೆಗೆ ಕೇಳಿ. ಹತ್ತುವುದು ಆಮೇಲೆ.